ಶಾಸನದ ಫಲಕದಲ್ಲಿ ಶಾಸನದ ಸಂಖ್ಯೆಯೂ ಇರಲಿ

ಮಾನ್ಯ ಸಂಪಾದಕರೇ,

ಶಿವಮೊಗ್ಗ ಜಿಲ್ಲೆಯ ರಸ್ತೆ ಬದಿಯ ‘ಐತಿಹಾಸಿಕ ಸ್ಥಳ’ ಫಲಕಗಳಲ್ಲಿ ಹಲವು ಬಾಣದ ಗುರುತು ತೋರಿಸಿ ಸುಮ್ಮನಾಗುತ್ತವೆ. ಯಾವ ಶಾಸನ, ಯಾರ ಕಾಲದ್ದು, ಅದರ ಪಾಠ (ಕಲ್ಲಿನಲ್ಲಿ ಬರೆದಿರುವ ಮಾತು) ಎಲ್ಲಿ ಅಚ್ಚಾಗಿದೆ ಎಂಬುದಿಲ್ಲ. ಹಾಗಂತ ಹೊಸ ಸಂಶೋಧನೆಯೇನೂ ಬೇಕಿಲ್ಲ. ಶಾಸನತಜ್ಞ ಬಿ.ಎಲ್. ರೈಸ್ ಈ ಜಿಲ್ಲೆಯ ಶಾಸನಗಳಿಗೆ ತಾಲ್ಲೂಕುವಾರು ಸಂಖ್ಯೆ ಕೊಟ್ಟು ‘ಎಪಿಗ್ರಾಫಿಯಾ ಕರ್ನಾಟಿಕಾ’ ಎಂಬ ಶಾಸನ ಸಂಕಲನದ 7 ಮತ್ತು 8ನೇ ಸಂಪುಟಗಳಲ್ಲಿ 1902, 1904ರಲ್ಲೇ ಪ್ರಕಟಿಸಿದ್ದಾರೆ. ತಾಳಗುಂದದ ಕದಂಬರ ಸ್ತಂಭಶಾಸನ ಅಲ್ಲಿ ‘ಶಿಕಾರಿಪುರ 176’. ಫಲಕದಲ್ಲಿ ಇಷ್ಟಿದ್ದರೆ ಸಾಕು, ಆಸಕ್ತರು ಪಾಠ ಹುಡುಕಿಕೊಳ್ಳುತ್ತಾರೆ. ಒಂದೇ ಎಚ್ಚರ: ಇಂದಿನ ಹೊಸನಗರದ ಶಾಸನಗಳನ್ನು ‘ನಗರ’ ತಾಲ್ಲೂಕಿನಡಿ ನೋಡಬೇಕು. ಈಗ ದಾವಣಗೆರೆಗೆ ಸೇರಿರುವ ಹೊನ್ನಾಳಿ, ಚನ್ನಗಿರಿಯವೂ 7ನೇ ಸಂಪುಟದಲ್ಲೇ ಇವೆ.

ಹೆಚ್ಚು ಎಡವಟ್ಟಾಗುವುದು ಇಸವಿಯಲ್ಲಿ. ಶಕವರ್ಷವನ್ನೇ ಕ್ರಿಸ್ತಶಕವೆಂದು ಬರೆದರೆ ಮುಕ್ಕಾಲು ಶತಮಾನಕ್ಕೂ ಹೆಚ್ಚು ವ್ಯತ್ಯಾಸ ಬೀಳುತ್ತದೆ. ಬಳ್ಳಿಗಾವೆಯ ಗಂಡಭೇರುಂಡ ಸ್ತಂಭದ ಶಕ 969ಕ್ಕೆ 78 ಕೂಡಿಸಿದರೆ ಕ್ರಿ.ಶ. 1047. ತಿಥಿ ಪುಷ್ಯ ಮಾಸದ ನಡುವಿನಿಂದಾಚೆಯದಾದರೆ, ಅಷ್ಟರಲ್ಲಿ ಕ್ರಿಸ್ತವರ್ಷ ಬದಲಾಗಿರುವುದರಿಂದ, 79 ಕೂಡಿಸಬೇಕು. ಸಂವತ್ಸರದ ಹೆಸರಿನೊಂದಿಗೆ ತಾಳೆ ನೋಡಿದರೆ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. ಇನ್ನು, ಹಳೆಯ ಗುಡಿ ಕಂಡಲ್ಲೆಲ್ಲ ‘ಹೊಯ್ಸಳರ ಕಾಲ, ಜಕಣಾಚಾರಿ ಕಟ್ಟಿದ್ದು’ ಎಂದು ಬರೆಯುವ ಚಾಳಿಯನ್ನು ಯಾರಾದರೂ ನಿಲ್ಲಿಸಬೇಕು. ಇಕ್ಕೇರಿಯ ಅಘೋರೇಶ್ವರ ಕೆಳದಿ ನಾಯಕರದ್ದು.

ಗಂಟೆಗೆ 60 ಕಿ.ಮೀ. ವೇಗದ ವಾಹನ ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಹತ್ತು ಸಾಲಿನ ವಿವರವನ್ನು ಮುಖ್ಯರಸ್ತೆಯಲ್ಲಿ ಹಾಕಿ ಪ್ರಯೋಜನವಿಲ್ಲ. ಅಲ್ಲಿ ಊರು, ದೂರ, ಬಾಣ ಸಾಕು. ವಿವರ ಕಲ್ಲಿನ ಹತ್ತಿರವಿರಲಿ. ತಗಡಿನ ಫಲಕ ನಮ್ಮ ಮಳೆಗೆ ಬೋಲ್ಟಿನ ತೂತಿನಿಂದಲೇ ತುಕ್ಕು ಹಿಡಿಯುತ್ತದೆ, ಫ್ಲೆಕ್ಸಿನ ಮಾತು ಬೇಡ. ಗ್ರಾನೈಟಿನಲ್ಲಿ ಕೊರೆಸಿದರೆ ಬಣ್ಣ ಹೋದರೂ ಅಕ್ಷರ ಉಳಿಯುತ್ತದೆ. ನೆಲದಿಂದ ಎರಡಡಿ ಎತ್ತರಿಸದಿದ್ದರೆ ಕೆಸರು ಸಿಡಿದು ಕೆಳಗಿನ ಸಾಲುಗಳು ಕಾಣುವುದಿಲ್ಲ.

ಫಲಕ ಹಾಕುವ ಉತ್ಸಾಹದಲ್ಲಿ ಶಾಸನಕ್ಕೇ ಸುಣ್ಣ, ಆಯಿಲ್ ಪೇಂಟ್ ಬಳಿಯುವುದು, ತಂತಿ ಬ್ರಷ್ಷಿನಿಂದ ಉಜ್ಜುವುದು ಬೇಡವೇ ಬೇಡ. ಬಳಪದ ಕಲ್ಲಾದರೆ ಉಜ್ಜಿದಷ್ಟೂ ಅಕ್ಷರ ಸವೆಯುತ್ತದೆ. ಹಾವಸೆ ಕಟ್ಟಿದ್ದರೆ ಬರಿಯ ನೀರು, ಮೆತ್ತನೆ ಬ್ರಷ್ ಸಾಕು. ಓದಲು ಬಣ್ಣ ಬೇಕಿಲ್ಲ. ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಪಕ್ಕದಿಂದ ಓರೆಯಾಗಿ ಹಿಡಿದರೆ ಸವೆದ ಅಕ್ಷರವೂ ನೆರಳಿನಲ್ಲಿ ಏಳುತ್ತದೆ. ಬುಡಕ್ಕೆ ಸಿಮೆಂಟ್ ಸುರಿಯುವುದೂ ಕೇಡೇ: ತೇವ ಹೊರಹೋಗಲು ದಾರಿಯಿಲ್ಲದೆ ಕಲ್ಲಿಗೇರಿ, ಉಪ್ಪು ಹೊರಬಂದು ಮುಖ ಚಕ್ಕೆಯೇಳುತ್ತದೆ. ಗುಂಡಿಗೆ ಜಲ್ಲಿ, ಮರಳು ತುಂಬಿ ನಿಲ್ಲಿಸುವುದು ಮೇಲು.

ರಸ್ತೆ ಅಗಲೀಕರಣದ ಗುತ್ತಿಗೆದಾರರಿಗೆ ಆ ದಾರಿಯ ವೀರಗಲ್ಲು, ಮಾಸ್ತಿಕಲ್ಲುಗಳ ಪಟ್ಟಿಯನ್ನು ಜೆಸಿಬಿ ಬರುವ ಮೊದಲೇ ಕೊಡಬೇಕು. ಪುರಾತತ್ವ ಇಲಾಖೆಯ ಒಪ್ಪಿಗೆಯಿಂದ ಕಲ್ಲನ್ನು ಸರಿಸಲೇಬೇಕಾದರೆ, ಅದು ಮೊದಲು ಎಲ್ಲಿತ್ತು, ಯಾವ ದಿಕ್ಕಿಗೆ ಮುಖ ಮಾಡಿತ್ತು ಎಂಬುದನ್ನು ಫೋಟೊ ಸಹಿತ ದಾಖಲಿಸಿ, ಹೊಸ ಫಲಕದಲ್ಲೂ ಒಂದು ಸಾಲು ಬರೆಸಬೇಕು.

– ಶಾಸನಾಸಕ್ತರು, ಸಾಗರ