ಮಂಜು ಗಾಡಿ ಮಾರಬೇಡಿ, ಅಪ್ಪ

ಕವೆಂಟ್ರಿ, ಇಂಗ್ಲೆಂಡ್
ಭಾನುವಾರ

ಅಪ್ಪ, ಅಮ್ಮನಿಗೆ ನಮಸ್ಕಾರಗಳು. ನಾನು ಕ್ಷೇಮ. ಅಜ್ಜಿಯ ಮಂಡಿನೋವು ಹೇಗಿದೆ, ಬರೆಯಿರಿ.

ನಿಮ್ಮ ಕಾಗದ ಗುರುವಾರ ಬಂತು. ತಮ್ಮ ಮಂಜು ಬೈಕಿನಿಂದ ಡೈರಿ ತಿರುವಿನಲ್ಲಿ ಬಿದ್ದಿದ್ದು, ಹಾಲಿನ ಕ್ಯಾನು ಉರುಳಿದ್ದು, ಅಮ್ಮ ಕೋಲಾರಮ್ಮನಿಗೆ ಹರಕೆ ಹೊತ್ತಿದ್ದು ಎಲ್ಲಾ ಓದಿದೆ. ಅಂಗೈ, ಮೊಣಕಾಲು ತರಚಿದ್ದು ಬಿಟ್ಟರೆ ಬೇರೇನೂ ಆಗಿಲ್ಲ ಅನ್ನೋ ಸಾಲನ್ನು ಎರಡು ಸಲ ಓದಿಕೊಂಡೆ. ಆದರೆ ಗಾಡಿ ಕೀ ಬೀರುವಿನಲ್ಲಿ ಇಟ್ಟು ಬೀಗ ಹಾಕಿದ್ದೇನೆ, ಬಂದ ಬೆಲೆಗೆ ಮಾರುತ್ತೇನೆ ಅಂತ ಬರೆದಿದ್ದೀರಲ್ಲ, ಅದನ್ನು ಓದಿದ ಮೇಲೆ ಸಮಾಧಾನ ಇಲ್ಲ. ರಾತ್ರಿ ಡ್ಯೂಟಿ ಮುಗಿಸಿ ಬಂದವಳು ಮಲಗದೆ ಬರೆಯುತ್ತಿದ್ದೇನೆ.

ಮಾರಬೇಡಿ ಅಪ್ಪ. ನರಸಾಪುರದಲ್ಲಿ ಅವನಿಗೆ ಶಿಫ್ಟ್ ಕೆಲಸ. ಗಾಡಿ ಇಲ್ಲದಿದ್ದರೆ ಯಾರದೋ ಗಾಡಿಯಲ್ಲಿ ಮೂರನೆಯವನಾಗಿ, ಹೆಲ್ಮೆಟ್ ಇಲ್ಲದೆ ಹೈವೇ ಮೇಲೆ ಬರುತ್ತಾನೆ. ಅದು ನಿಮ್ಮ ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ.

ಇನ್ನೊಂದು ವಿಷಯ ನಿಮಗೆ ಹೇಳಿರಲಿಲ್ಲ. ನಾನೂ ಇಲ್ಲಿ ಗಾಡಿ ಕಲಿತಿದ್ದೇನೆ. ಅಮ್ಮ, ಗಾಬರಿ ಆಗಬೇಡ, ಪೂರ್ತಿ ಓದು. ಭಾನುವಾರ ಬೆಳಗ್ಗೆ ಬಸ್ಸು ತಡವಾಗಿ ಶುರುವಾಗುತ್ತದೆ, ಅದಕ್ಕೇ ಕಲಿತೆ. 125 ಸಿಸಿ ಗಾಡಿ. ಇಲ್ಲಿ ಸುಮ್ನೆ ಯಾರೂ ರಸ್ತೆಗೆ ಬಿಡುವುದಿಲ್ಲ. ಸಿಬಿಟಿ ಅಂತ ತರಬೇತಿ ಆಗಲೇಬೇಕು. ಮೊದಲು 20 ಮೀಟರ್ ದೂರದ ನಂಬರ್ ಪ್ಲೇಟ್ ಓದಿಸಿದರು. ಆಮೇಲೆ ಇಂಜಿನ್ ಆಫ್ ಮಾಡಿ ಗಾಡಿ ತಳ್ಳಿಸಿದರು, ಸ್ಟ್ಯಾಂಡ್ ಹಾಕಿಸಿದರು. ಆಮೇಲೆ ಅಂಗಳದಲ್ಲೇ ನಿಧಾನವಾಗಿ ಎಂಟು ಹಾಕೋದು, ತಟ್ಟನೆ ನಿಲ್ಲಿಸೋದು. ಕೊನೆಗೆ ರಸ್ತೆಯಲ್ಲಿ ಕಮ್ಮಿ ಅಂದರೆ ಎರಡು ಗಂಟೆ. ಮೇಷ್ಟ್ರು ಇನ್ನೊಂದು ಗಾಡಿಯಲ್ಲಿ ಹಿಂದೆ ಬರುತ್ತಾ ಕಿವಿಗೆ ಹಾಕಿದ ರೇಡಿಯೋದಲ್ಲಿ ಹೇಳುತ್ತಲೇ ಇರುತ್ತಾರೆ. ಇಷ್ಟಾದರೂ ಗಾಡಿಗೆ ಕೆಂಪು ಎಲ್ ಬೋರ್ಡು ಹಾಕಿಕೊಂಡೇ ಓಡಿಸಬೇಕು, ಹಿಂದೆ ಯಾರನ್ನೂ ಕೂರಿಸುವ ಹಾಗಿಲ್ಲ, ಮೋಟರ್‌ವೇ ಅನ್ನೋ ದೊಡ್ಡ ಹೈವೇ ಹತ್ತುವ ಹಾಗಿಲ್ಲ. ಎರಡು ವರ್ಷದೊಳಗೆ ಪೂರ್ತಿ ಟೆಸ್ಟ್ ಪಾಸಾಗದಿದ್ದರೆ ತರಬೇತಿ ಮತ್ತೆ ಮೊದಲಿಂದ. ನನ್ನ ಜೊತೆ ಕಲಿತವರಲ್ಲಿ ಅಜ್ಜಿ ವಯಸ್ಸಿನ ಒಬ್ಬರಿದ್ದರು. ಅವರಿಗೂ ಇದೇ ನಿಯಮ.

ಈಗ ಮಂಜು ವಿಷಯ. ತಿರುವಿನಲ್ಲಿ ಮರಳು ಇತ್ತು ಅಂತ ಬರೆದಿದ್ದೀರಿ. ಹ್ಯಾಂಡಲ್ ತಿರುಗಿಸಿಕೊಂಡೇ ಗಾಬರಿಯಲ್ಲಿ ಮುಂದಿನ ಬ್ರೇಕ್ ಒಂದೇ ಸಲಕ್ಕೆ ಹಿಡಿದಿದ್ದಾನೆ. ಚಕ್ರ ಲಾಕ್ ಆಗಿ ಜಾರಿದೆ. ನಾನೂ ಅಂಗಳದಲ್ಲಿ ಒದ್ದೆ ಎಲೆಯ ಮೇಲೆ ಹೀಗೇ ಬಿದ್ದೆ, ಅದಕ್ಕೇ ಗೊತ್ತು. ನನ್ನ ಭಯ ಅವನು ಮತ್ತೆ ಬೀಳುತ್ತಾನೆ ಅಂತಲ್ಲ. ಈಗ ಹೆದರಿ ಮುಂದಿನ ಬ್ರೇಕ್ ಮುಟ್ಟುವುದನ್ನೇ ಬಿಡುತ್ತಾನೆ. ಮುಂದಿನದು ಹಿಡಿದರೆ ಪಲ್ಟಿ ಅಂತ ನಮ್ಮ ಕಡೆ ಎಲ್ಲರೂ ಹೇಳುತ್ತಾರೆ, ಅಲ್ವಾ? ಆದರೆ ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಕ್ಕೆ ಬರುತ್ತದೆ. ಗಾಡಿಯನ್ನು ಜಾಸ್ತಿ ನಿಲ್ಲಿಸೋದು ಮುಂದಿನ ಚಕ್ರವೇ. ಬರೀ ಕಾಲಿನ ಬ್ರೇಕ್ ಒತ್ತಿದರೆ ಲಾರಿ ಹತ್ತಿರ ಬಂದಾಗ ಸಮಯಕ್ಕೆ ನಿಲ್ಲುವುದೇ ಇಲ್ಲ.

ಅಮ್ಮ ಹಸುವಿನ ಹಾಲು ಕರೆಯುವುದನ್ನು ನೋಡು ಅಂತ ಅವನಿಗೆ ಹೇಳಿ. ಜಗ್ಗುವುದಿಲ್ಲ, ಮೆಲ್ಲಗೆ ಶುರು ಮಾಡಿ ಬಿಗಿ ಮಾಡುತ್ತಾ ಹೋಗುತ್ತಾಳೆ. ಬ್ರೇಕ್ ಕೂಡ ಹಾಗೇ ಹಿಂಡಬೇಕು, ಎರಡೂ ಒಟ್ಟಿಗೆ. ತಿರುವಿಗೆ ಮೊದಲೇ, ಗಾಡಿ ನೆಟ್ಟಗಿದ್ದಾಗಲೇ ಸ್ಪೀಡ್ ಇಳಿಸಬೇಕು. ಆಮೇಲೆ ತಿರುಗಬೇಕು. ಮರಳು, ಸಗಣಿ ಕಂಡರೆ ಇನ್ನೂ ಮೆತ್ತಗೆ.

ಇಲ್ಲಿನ ರಸ್ತೆ ನಿಯಮಗಳ ಪುಸ್ತಕ ಹೈವೇ ಕೋಡ್‌ನಲ್ಲಿ ಒಂದು ಲೆಕ್ಕ ಇದೆ. 48 ಕಿಲೋಮೀಟರ್ ಸ್ಪೀಡಿನಲ್ಲಿ ಹೋಗುವ ವಾಹನ ನಿಲ್ಲಲು 23 ಮೀಟರ್ ಬೇಕು. ಸ್ಪೀಡ್ ಎರಡರಷ್ಟು, 96 ಆದರೆ 73 ಮೀಟರ್. ಅಂದರೆ ಹೆಚ್ಚು ಕಮ್ಮಿ ನಮ್ಮ ಮನೆಯಿಂದ ಅರಳಿಕಟ್ಟೆವರೆಗೆ. ಹೈವೇಯಲ್ಲಿ ಟೊಮೆಟೊ ಲಾರಿ ಹಿಂದೆ ಅಂಟಿಕೊಂಡು ಹೋಗುವ ಹುಡುಗರು ಇದನ್ನು ಒಮ್ಮೆ ಅಳೆದು ನೋಡಬೇಕು. ಮುಂದಿನ ಲಾರಿ ಒಂದು ಕಂಬ ದಾಟಿದ ಮೇಲೆ ಹಿಂದಿನವನು ಅಲ್ಲಿಗೆ ಬರಲು ಎರಡು ಸೆಕೆಂಡ್ ಆದರೂ ಬೇಕು. ಮಳೆ ಇದ್ದರೆ ನಾಲ್ಕು.

ನಾನು ಸೈಕಲ್ ಕಲಿತಿದ್ದು ಒಣಗಿದ ಕೆರೆ ಅಂಗಳದಲ್ಲಿ, ನೆನಪಿದೆಯಾ? ನೀವು ಹಿಂದೆ ಸೀಟ್ ಹಿಡಿದು ಓಡುತ್ತಿದ್ದಿರಿ. ಈಗ ಬೆಂಗಳೂರಿಂದ ಶುದ್ಧ ಮಾಡಿ ಬಿಡುವ ಕೆ.ಸಿ. ವ್ಯಾಲಿ ನೀರು ಬಂದು ಅಲ್ಲಿ ಜಾಗ ಇಲ್ಲ. ಸಂತೆ ಮೈದಾನಕ್ಕೆ ಕರೆದುಕೊಂಡು ಹೋಗಿ. ನಾಲ್ಕು ಇಟ್ಟಿಗೆ ಇಟ್ಟು, ಹಾಫ್ ಕ್ಲಚ್‌ನಲ್ಲಿ ನಡೆಯುವಷ್ಟು ನಿಧಾನವಾಗಿ ಎಂಟು ಹಾಕಲಿ. ಎಲ್‌ಎಲ್ (ಕಲಿಯುವವರ ಲೈಸೆನ್ಸ್) ಇರುವವರೆಗೆ ಸ್ನೇಹಿತರನ್ನು ಹಿಂದೆ ಕೂರಿಸಬಾರದು, ಕಾನೂನೇ ಇದೆ. ಕ್ಯಾನು ಕಟ್ಟುವುದು ಒಂದೆರಡು ತಿಂಗಳು ಬೇಡ. ಹಾಲು ತುಳುಕಿದರೆ ಗಾಡಿ ಎಳೆಯುತ್ತದೆ.

ಬಿದ್ದಾಗ ಹೆಲ್ಮೆಟ್ ನೆಲಕ್ಕೆ ತಾಗಿದ್ದರೆ ಅದನ್ನು ಬಿಸಾಡಿ. ಐದು ಸಾವಿರ ಕಳಿಸುತ್ತೇನೆ. ಐಎಸ್ಐ ಗುರುತಿನದು ತಗೊಳ್ಳಲಿ, ಗ್ಲೌಸ್ ಕೂಡ. ಅವನ ಅಂಗೈ ನೋಡಿದ್ದೀರಲ್ಲ, ಮೊದಲು ನೆಲ ಮುಟ್ಟೋದು ಅದೇ. ಹೆಲ್ಮೆಟ್ ಪಟ್ಟಿ ಹಾಕಿದ್ದಾನಾ ಅಂತ ದಿನಾ ನೀವೇ ನೋಡಿ.

ನನ್ನ ಚಿಂತೆ ಮಾಡಬೇಡಿ. ಹೆಲ್ಮೆಟ್, ಗ್ಲೌಸ್, ದಪ್ಪ ಜಾಕೆಟ್ ಇಲ್ಲದೆ ಕೀ ಹಾಕುವುದೇ ಇಲ್ಲ. ಹಿಮ ಬಿದ್ದರೆ, ಮಳೆ ಬಂದರೆ ಗಾಡಿ ತೆಗೆಯುವುದೇ ಇಲ್ಲ. ನಿಜವಾಗಲೂ ಏನೂ ಆಗುವುದಿಲ್ಲ ಅಮ್ಮ.

ಕಣ್ಣು ಎಳೆಯುತ್ತಿದೆ, ಸಂಜೆ ಮತ್ತೆ ಡ್ಯೂಟಿ. ಅವನಿಗೆ ಕೀ ಕೊಡಿ ಅಪ್ಪ. ಬುಧವಾರ ಫೋನ್ ಮಾಡುತ್ತೇನೆ.

ಇಂತಿ ನಿಮ್ಮ ಮಗಳು
ಸುಧಾ