ಫೇರ್‌ಫೀಲ್ಡ್ ಚರ್ಚ್ ಪಾಳುಬಿದ್ದಿಲ್ಲ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಇಂಗ್ಲೆಂಡಿನ ಫೇರ್‌ಫೀಲ್ಡ್ ಚರ್ಚಿನ ಚಿತ್ರ ಹಾಕಿ, ಅದರಡಿ ‘ನಿರ್ಜನ ಜೌಗಿನಲ್ಲಿ ಪಾಳುಬಿದ್ದ ಚರ್ಚ್’ ಎಂದು ಬರೆದಿದ್ದೀರಿ. ಅದೇ ಕೆಂಟ್ ಕೌಂಟಿಯ ಆ್ಯಶ್‌ಫರ್ಡ್‌ನಲ್ಲಿ ನಾನು ಎಂಟು ವರ್ಷದಿಂದ ಇದ್ದೇನೆ. ಆ ಚರ್ಚ್ ಪಾಳುಬಿದ್ದಿಲ್ಲ. ಬೀಗದ ಕೈಯನ್ನು ಹತ್ತಿರದ ಮನೆಯೊಂದರ ಗೋಡೆಗೆ ನೇತುಹಾಕಿರುತ್ತಾರೆ. ಅದನ್ನು ತೆಗೆದುಕೊಂಡು, ಕುರಿಗಳ ನಡುವೆ ನಡೆದುಹೋಗಿ ಬಾಗಿಲು ತೆರೆಯಬಹುದು. ಒಳಗೆ ಹಳೇ ಮರದ ತೊಲೆಗಳು, ಬಿಳಿ ಬಣ್ಣ ಬಳಿದ ಆಸನಗಳು, ಮೂರು ಅಂತಸ್ತಿನ ಪ್ರವಚನ ಪೀಠ. ಹೊರಗಿನ ಇಟ್ಟಿಗೆ ಗೋಡೆ 18ನೇ ಶತಮಾನದ್ದು. 1912–13ರಲ್ಲಿ ಜೀರ್ಣೋದ್ಧಾರವಾಯಿತು. ಈಗಲೂ ಆಗಾಗ ಪ್ರಾರ್ಥನೆ ನಡೆಯುತ್ತದೆ.

ಸುತ್ತ ಊರೇ ಇಲ್ಲದೆ ಅದು ಬಯಲಿನಲ್ಲಿ ಒಂಟಿಯಾಗಿ ನಿಂತಿದ್ದೇಕೆ ಎಂಬುದಕ್ಕೆ ಉತ್ತರ ನೆಲದಲ್ಲೇ ಇದೆ. ರಾಮ್ನಿ ಮಾರ್ಷ್ ಎಂದು ಒಟ್ಟಾಗಿ ಕರೆಯುವ ಆ ಬಯಲಿನ ಬಹುಭಾಗ ದೊಡ್ಡ ಉಬ್ಬರದ ಮಟ್ಟಕ್ಕಿಂತ ಕೆಳಗಿದೆ. ಕ್ಯಾಂಟರ್ಬರಿಯ ಆರ್ಚ್‌ಬಿಷಪ್‌ಗಳು, ಮಠದವರು, ರೈತರು ತಲೆಮಾರುಗಟ್ಟಲೆ ಮಣ್ಣಿನ ಒಡ್ಡು ಹಾಕಿ ತುಂಡು ತುಂಡಾಗಿ ಸಮುದ್ರದಿಂದ ಬಿಡಿಸಿಕೊಂಡ ನೆಲವದು. ಕುಮಟಾ ಕಡೆಯ ಗಜನಿ ಗದ್ದೆಗಳನ್ನು ನೋಡುತ್ತ ಬೆಳೆದ ನನಗೆ ಆ ಏರ್ಪಾಟನ್ನು ಯಾರೂ ವಿವರಿಸಬೇಕಾಗಲಿಲ್ಲ. ಉಪ್ಪುನೀರು ತಡೆಯಲು ಒಡ್ಡು, ಮಳೆನೀರು ಹರಿಯಲು ಕಾಲುವೆ, ಇಳಿತದ ಹೊತ್ತಿನಲ್ಲಿ ಮಾತ್ರ ತೆರೆಯುವ ತೂಬು. ಈಗ ಪಂಪುಗಳೂ ಇವೆ.

ಇದನ್ನೆಲ್ಲ ಕಾಯ್ದುಕೊಂಡವರು ಯಾರು ಎಂಬುದನ್ನು ಚಿತ್ರದ ಜತೆ ಒಂದು ಸಾಲಿನಲ್ಲಾದರೂ ಹೇಳಬೇಕಿತ್ತು. ಒಡ್ಡು, ಕಾಲುವೆಗಳ ಉಸ್ತುವಾರಿ ಊರವರದೇ ಆದ 24 ಜನರ ಕೈಯಲ್ಲಿತ್ತು. ಅವರ ಅಧಿಕಾರವನ್ನು ದೊರೆ ಮೂರನೇ ಹೆನ್ರಿ 1252ರ ಸನ್ನದಿನಲ್ಲಿ ಮಾನ್ಯ ಮಾಡಿದ. ಜಮೀನಿದ್ದವರೆಲ್ಲ ಎಕರೆ ಲೆಕ್ಕದಲ್ಲಿ ‘ಸ್ಕಾಟ್’ ಎಂಬ ತೆರಿಗೆ ಕೊಡಬೇಕಿತ್ತು. ಒಬ್ಬನ ಒಡ್ಡು ಒಡೆದರೆ ಹತ್ತು ಜನರ ಹೊಲಕ್ಕೆ ಉಪ್ಪು ನುಗ್ಗುವ ಕಡೆ ಬೇರೆ ದಾರಿ ಇರಲಿಲ್ಲ. ಇಷ್ಟಾದರೂ 1287ರ ಬಿರುಗಾಳಿ ರಾದರ್ ನದಿಯ ಮುಖವನ್ನೇ ರೈ ಪಟ್ಟಣದ ಕಡೆ ತಿರುಗಿಸಿತು. ಅದರ ಹಳೇ ದಡದಲ್ಲಿದ್ದ ನ್ಯೂ ರಾಮ್ನಿ ಬಂದರು ಕಲ್ಲು ಮಣ್ಣಿನಿಂದ ತುಂಬಿಹೋಯಿತು. ಅಲ್ಲಿಯ ಸೇಂಟ್ ನಿಕೊಲಸ್ ಚರ್ಚಿಗೆ ಇವತ್ತಿಗೂ ಬೀದಿಯಿಂದ ಮೆಟ್ಟಿಲಿಳಿದೇ ಹೋಗಬೇಕು. ಕಂಬಗಳ ಮೇಲೆ ಆ ನೆರೆಯ ಕಲೆ ತೋರಿಸುತ್ತಾರೆ. ನಾನೂ ಮುಟ್ಟಿ ನೋಡಿದ್ದೇನೆ.

ಇನ್ನು ಜನ ವಿರಳವಾದದ್ದಕ್ಕೆ ದೊಡ್ಡ ಕಾರಣ ಚಳಿಜ್ವರ. ನಿಂತ ನೀರಿನಲ್ಲಿ ಸೊಳ್ಳೆ ಬೆಳೆದು, 19ನೇ ಶತಮಾನದವರೆಗೂ ಆ ಊರುಗಳಲ್ಲಿ ಮಲೇರಿಯಾ ಇತ್ತು. ಮಲೆನಾಡಿನ ಹಿರಿಯರಿಗೆ ಆ ಸಂಕಟವನ್ನು ಬಿಡಿಸಿ ಹೇಳಬೇಕಿಲ್ಲ. ಪಾದ್ರಿಗಳೇ ಹಲವರು ಜೌಗು ಬಿಟ್ಟು ಗುಡ್ಡದ ಮೇಲಿನ ಊರುಗಳಲ್ಲಿ ಮನೆ ಮಾಡಿದ್ದರು. ಹುಲ್ಲು ಮಾತ್ರ ಸೊಗಸಾಗಿ ಬೆಳೆಯುತ್ತಿತ್ತು. ಜಮೀನುದಾರರು ದೂರದಲ್ಲಿದ್ದುಕೊಂಡು ಕುರಿಮಂದೆಯನ್ನು ‘ಲುಕರ್’ ಎಂಬ ಕಾವಲುಗಾರರಿಗೆ ಒಪ್ಪಿಸಿದರು. ಆ ಲುಕರ್‌ಗಳು ಕುರಿ ಈಯುವ ದಿನಗಳಲ್ಲಿ ತಂಗುತ್ತಿದ್ದ ಪುಟ್ಟ ಇಟ್ಟಿಗೆ ಗುಡಿಸಲುಗಳಲ್ಲಿ ಕೆಲವು ಇನ್ನೂ ನಿಂತಿವೆ. ಬಯಲಿನ ತುಂಬ ಇದ್ದ ಅಂಥ ಗುಡಿಸಲುಗಳಲ್ಲಿ ಹೆಚ್ಚಿನವು ಮಣ್ಣುಪಾಲಾದದ್ದು ನನಗೆ ನಿಜವಾಗಿ ನೋವಿನ ಸಂಗತಿ. ಚರ್ಚನ್ನು ಕಾಪಾಡಿದಷ್ಟು ಅಕ್ಕರೆಯಿಂದ ಕುರಿ ಕಾಯುವವರ ಸೂರನ್ನು ಯಾರೂ ಕಾಪಾಡಲಿಲ್ಲ.

ಮಳೆ ಹೆಚ್ಚಾದ ಚಳಿಗಾಲದಲ್ಲಿ ಹಿಂದೆ ಫೇರ್‌ಫೀಲ್ಡಿನ ಭಕ್ತರು ದೋಣಿಯಲ್ಲೋ ಕುದುರೆಯ ಮೇಲೋ ಪ್ರಾರ್ಥನೆಗೆ ಬರುತ್ತಿದ್ದರಂತೆ. ಅಷ್ಟು ಪಾಡುಪಟ್ಟು ನಡೆಸಿಕೊಂಡು ಬಂದ ಜಾಗವನ್ನು ಪಾಳು ಎನ್ನುವುದು ಸರಿಯಲ್ಲ. ಮುಂದಿನ ಪುರವಣಿಯಲ್ಲಿ ಆ ಅಡಿಬರಹವನ್ನು ದಯವಿಟ್ಟು ತಿದ್ದಿ ಪ್ರಕಟಿಸಿ.

ಇತಿ,
ಕುಮಟಾ ಮೂಲದ ಓದುಗ, ಆ್ಯಶ್‌ಫರ್ಡ್, ಕೆಂಟ್