ಆ ಪ್ರಶಸ್ತಿ ಯಾರಿಗೆ ಕೊಡಬೇಕು ಅಂತ ಕೇಳಿದ್ದೆಯಲ್ಲ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯ,

ನಿನ್ನ ಮೆಸೇಜ್ ಓದಿ ತುಂಬಾ ಖುಷಿಯಾಯಿತು. ಪದವಿ ಮುಗಿಸಿ ಹೊರಡುವ ಮಕ್ಕಳಿಗೆ ಈ ವರ್ಷದಿಂದ ನಿಮ್ಮ ಕಾಲೇಜು ಒಂದು ಪ್ರಶಸ್ತಿ ಇಡುತ್ತಿದೆ, ಅದು ಅಂಕಕ್ಕಲ್ಲ, ಮುಂದೆ ನಿಂತು ನಡೆಸಿದ ಕೆಲಸಕ್ಕೆ, ಊರಿಗೆ ಮಾಡಿದ ಸೇವೆಗೆ ಅಂತ ಬರೆದಿದ್ದೀಯ. ಹಳೆಯ ವಿದ್ಯಾರ್ಥಿಗಳು ದತ್ತಿ ಹಣ ಕೊಟ್ಟಾಗಿದೆ, ಆಯ್ಕೆ ಹೇಗೆ ಮಾಡುವುದು ಅನ್ನುವಲ್ಲಿ ಸಮಿತಿ ನಿಂತಿದೆ, ನಿನಗೇನನ್ನಿಸುತ್ತದೆ ಹೇಳು ಅಂದೆ. ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ ಇದು. ನೀನು ಒಪ್ಪಿದ್ದರಿಂದ ಎಲ್ಲರೂ ಓದುವ ಹಾಗೆ ಇಲ್ಲೇ ಬರೆಯುತ್ತಿದ್ದೇನೆ. ಎನ್ನೆಸ್ಸೆಸ್ (ರಾಷ್ಟ್ರೀಯ ಸೇವಾ ಯೋಜನೆ) ಜವಾಬ್ದಾರಿ ಹೊತ್ತ ನಿನ್ನಂಥ ಮೇಷ್ಟ್ರುಗಳು ಬೇರೆ ಊರುಗಳಲ್ಲೂ ಇದೇ ಯೋಚನೆಯಲ್ಲಿರಬಹುದು.

ನಮ್ಮ ವಿಶ್ವವಿದ್ಯಾಲಯಗಳ ಘಟಿಕೋತ್ಸವ ನೀನೂ ನೋಡಿದ್ದೀಯ. ಗೌನು ಹಾಕಿಕೊಂಡು ಒಬ್ಬೊಬ್ಬರೇ ವೇದಿಕೆ ಹತ್ತುತ್ತಾರೆ. ಕೆಲವರ ಕೊರಳಲ್ಲಿ ಐದಾರು ಚಿನ್ನದ ಪದಕ. ಮರುದಿನದ ಪತ್ರಿಕೆಯಲ್ಲಿ ಅವರ ಫೋಟೋ, ಅಪ್ಪ ಆಟೋ ಓಡಿಸುತ್ತಾರೆ, ಅಮ್ಮ ಕೂಲಿ ಮಾಡುತ್ತಾರೆ ಅನ್ನುವ ಸುದ್ದಿ. ಓದಿದಾಗ ನನಗೂ ಕಣ್ಣು ತುಂಬುತ್ತದೆ. ಆ ಗೌರವ ಒಂದಿಷ್ಟೂ ಕಡಿಮೆಯಾಗಬೇಕಿಲ್ಲ. ಆದರೆ ಆ ಪದಕಗಳಲ್ಲಿ ಹೆಚ್ಚಿನವು ಯಾವುದೋ ವಿಷಯದಲ್ಲಿ ಅತಿ ಹೆಚ್ಚು ಅಂಕ ಪಡೆದವರಿಗೆ ಅಂತಲೇ ಇಟ್ಟವು. ಮೂರು ವರ್ಷ ಕಾಲೇಜನ್ನೂ ಸುತ್ತಲಿನ ಊರನ್ನೂ ತನ್ನದೆಂದುಕೊಂಡು ದುಡಿದ ಹುಡುಗಿಗೆ ಅಲ್ಲಿ ಚಪ್ಪಾಳೆ ಇಲ್ಲ. ಅವಳಿಗೆ ಸಿಗುವುದು ಆಫೀಸಿನ ಕೌಂಟರಿನಲ್ಲಿ ಸಹಿ ಹಾಕಿ ತೆಗೆದುಕೊಳ್ಳುವ ಒಂದು ಪ್ರಮಾಣಪತ್ರ. ನಿಮ್ಮ ಕಾಲೇಜು ಇದನ್ನು ಬದಲಿಸಲು ಹೊರಟಿದೆ ಅನ್ನುವುದೇ ನನಗೆ ದೊಡ್ಡ ಸಂತೋಷ.

ಈ ಯೋಚನೆಗೆ ಹಳೆಯ ಬೇರಿದೆ, ಸಮಿತಿಯವರಿಗೆ ಇದನ್ನೂ ಹೇಳು. ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ರಾಧಾಕೃಷ್ಣನ್ ಅವರ ಅಧ್ಯಕ್ಷತೆಯಲ್ಲಿ ವಿಶ್ವವಿದ್ಯಾಲಯ ಶಿಕ್ಷಣ ಆಯೋಗ ನೇಮಕವಾಯಿತು. 1918ರಿಂದ 1921ರವರೆಗೆ ನಮ್ಮ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪಾಠ ಹೇಳಿದ ಅದೇ ರಾಧಾಕೃಷ್ಣನ್. ವಿದ್ಯಾರ್ಥಿಗಳು ದೇಶಸೇವೆಗೆ ಇಳಿಯಲಿ, ಆದರೆ ಒತ್ತಾಯದಿಂದ ಬೇಡ, ಸ್ವಂತ ಇಷ್ಟದಿಂದ ಬರಲಿ ಅಂತ ಆ ಆಯೋಗ ಹೇಳಿತು. 1958ರಲ್ಲಿ ನೆಹರೂ ಮುಖ್ಯಮಂತ್ರಿಗಳಿಗೆ ಪತ್ರ ಬರೆದು, ಪದವಿ ಪಡೆಯಬೇಕಾದರೆ ಸಮಾಜಸೇವೆ ಮಾಡಿರಲೇಬೇಕು ಅನ್ನುವ ವಿಚಾರ ಮುಂದಿಟ್ಟರು. ಮರುವರ್ಷ ಸಿ.ಡಿ. ದೇಶಮುಖ್ ಅವರ ಸಮಿತಿ, ಕಾಲೇಜು ಸೇರುವ ಮೊದಲು ಒಂಬತ್ತು ತಿಂಗಳಿಂದ ಒಂದು ವರ್ಷ ಕಡ್ಡಾಯ ಸೇವೆ ಇರಲಿ ಅಂದಿತು. ಖರ್ಚು ಜಾಸ್ತಿ ಅಂತ ಅದು ನಿಂತುಹೋಯಿತು. ಕೊನೆಗೆ ಗಾಂಧೀಜಿಯ ಶತಮಾನೋತ್ಸವದ ವರ್ಷ, 1969ರ ಸೆಪ್ಟೆಂಬರ್ 24ರಂದು, ಆಗಿನ ಕೇಂದ್ರ ಶಿಕ್ಷಣ ಸಚಿವ ವಿ.ಕೆ.ಆರ್.ವಿ. ರಾವ್ 37 ವಿಶ್ವವಿದ್ಯಾಲಯಗಳಲ್ಲಿ ಎನ್ನೆಸ್ಸೆಸ್‌ಗೆ ಚಾಲನೆ ಕೊಟ್ಟರು. ರಾವ್ ಆಗ ನಮ್ಮ ಬಳ್ಳಾರಿಯಿಂದ ಗೆದ್ದ ಲೋಕಸಭಾ ಸದಸ್ಯರು. ಕಡ್ಡಾಯವೋ ಸ್ವಂತ ಇಷ್ಟವೋ ಅನ್ನುವ ಇಪ್ಪತ್ತು ವರ್ಷದ ಚರ್ಚೆಯಲ್ಲಿ ಕೊನೆಗೆ ಗೆದ್ದದ್ದು ಸ್ವಂತ ಇಷ್ಟ. ನಿಮ್ಮ ಆಯ್ಕೆಗೂ ಅದೇ ಅಳತೆಗೋಲಾಗಲಿ ಅನ್ನುವುದು ನನ್ನ ಆಸೆ.

ಯಾಕೆ ಅಂದರೆ, ನಿಮ್ಮ ಸಮಿತಿಯಲ್ಲಿ ಗಂಟೆ ಲೆಕ್ಕ ಹಾಕೋಣ ಅಂತ ಯಾರೋ ಹೇಳಿದರು ಅಂತ ಬರೆದಿದ್ದೀಯ. ಎನ್ನೆಸ್ಸೆಸ್ ನಿಯಮದ ಪ್ರಕಾರ ಎರಡು ವರ್ಷಕ್ಕೆ 240 ಗಂಟೆ ಕೆಲಸ, ಜೊತೆಗೆ ಏಳು ದಿನದ ಒಂದು ವಿಶೇಷ ಶಿಬಿರ. ಅಷ್ಟು ಮಾಡಿದವರಿಗೆ ಪ್ರಮಾಣಪತ್ರ ಹೇಗೂ ಇದೆ. ನೀವು ಹುಡುಕಬೇಕಾದದ್ದು 241ನೆಯ ಗಂಟೆಯನ್ನು. ಹಾಜರಿ ಪುಸ್ತಕ ಮುಚ್ಚಿದ ಮೇಲೂ ಯಾರು ಬಂದರು? ನನಗೆ ಹೇಳಬೇಕಾಗಿರುವುದು ಇಷ್ಟೇ. ಮುಂದಿನದೆಲ್ಲ ಇದರ ವಿವರ.

ಶಿಬಿರದ ವಿಷಯವನ್ನೇ ತೆಗೆದುಕೋ. ಏಳು ದಿನ ಹಳ್ಳಿಯ ಶಾಲೆಯಲ್ಲಿ ಮಲಗುವುದು, ಬೆಳಗ್ಗೆ ಧ್ವಜಾರೋಹಣ, ಆಮೇಲೆ ಶ್ರಮದಾನ, ಮಧ್ಯಾಹ್ನ ಉಪನ್ಯಾಸ, ರಾತ್ರಿ ನಾಟಕ, ಹಾಡು. ಬಚ್ಚಲ ನೀರು ಬೀದಿಗೆ ಹರಿಯುವ ಮನೆಗಳ ಮುಂದೆ ಇಂಗುಗುಂಡಿ ತೋಡುತ್ತಾರೆ. ಕಲ್ಲು, ಜಲ್ಲಿ ತುಂಬುತ್ತಾರೆ, ಫೋಟೋ ತೆಗೆಯುತ್ತಾರೆ, ಸಮಾರೋಪ ಆಗುತ್ತದೆ. ಒಂದು ಮಳೆಗಾಲ ಕಳೆದ ಮೇಲೆ ಹೋಗಿ ನೋಡಿದರೆ ಕೆಲವು ಗುಂಡಿ ಹೂಳು ತುಂಬಿ ಕಟ್ಟಿಕೊಂಡಿರುತ್ತವೆ, ನೀರು ಮತ್ತೆ ಬೀದಿಗೇ ಬಂದಿರುತ್ತದೆ. ನೀನು ಬರೆದಿದ್ದೆಯಲ್ಲ, ನಿಮ್ಮ ಬಿಎ ಹುಡುಗನೊಬ್ಬ ಯಾರೂ ಹೇಳದೆ ಭಾನುವಾರ ಆ ಊರಿಗೆ ಹೋಗಿ, ಮನೆಯವರನ್ನೇ ಜೊತೆಗೆ ಕರೆದುಕೊಂಡು ಹೂಳು ತೆಗೆಸಿದ, ಮುಂದೆ ಅವರೇ ಮಾಡಿಕೊಳ್ಳುವ ಹಾಗೆ ತೋರಿಸಿಕೊಟ್ಟು ಬಂದ ಅಂತ. ಆ ಸಾಲನ್ನು ನಾನು ಮತ್ತೆ ಮತ್ತೆ ಓದಿದೆ. ಗುಂಡಿ ತೋಡಿದವರು ಐವತ್ತು ಜನ. ಅದು ಕೆಲಸ ಮಾಡುತ್ತಿದೆಯಾ ಅಂತ ನೋಡಲು ಹೋದವನು ಒಬ್ಬ. ಅವನ ಹತ್ತಿರ ಅದರ ಫೋಟೋ ಇಲ್ಲ, ಸರ್ಟಿಫಿಕೇಟೂ ಇಲ್ಲ. ಫೈಲು ನೋಡಿ ಆಯ್ಕೆ ಮಾಡಿದರೆ ಅವನು ಮೊದಲ ಸುತ್ತಿನಲ್ಲೇ ಹೊರಗೆ ಹೋಗುತ್ತಾನೆ ಮಾರಾಯ.

ಇನ್ನು ನೀನು ಹೇಳಿದ ಆ ಬಿಕಾಂ ಹುಡುಗಿ, ಪರೀಕ್ಷೆ ಬರೆದುಕೊಡುವವರನ್ನು ಹೊಂದಿಸಿದವಳು. ಕಣ್ಣು ಕಾಣದ ವಿದ್ಯಾರ್ಥಿಗಳಿಗೆ ಪರೀಕ್ಷೆ ಬರೆದುಕೊಡುವ ಕೆಲಸ ಹೊರಗಿನವರಿಗೆ ಚಿಕ್ಕದಾಗಿ ಕಾಣಬಹುದು. ಹತ್ತಿರದಿಂದ ನೋಡಿದವರಿಗೆ ಅದರ ಭಾರ ಗೊತ್ತು. ವಿದ್ಯಾರ್ಥಿ ತಾನೇ ಸ್ಕ್ರೈಬನ್ನು, ಅಂದರೆ ಬರೆದುಕೊಡುವವರನ್ನು, ಕರೆತರುವುದಾದರೆ, ಆ ಸ್ಕ್ರೈಬ್ ಪರೀಕ್ಷೆ ಬರೆಯುವವರಿಗಿಂತ ಕಡಿಮೆ ಓದಿರಬೇಕು ಅನ್ನುವ ನಿಯಮವಿದೆ. ಹಾಗಾಗಿ ಯಾರು ಸಿಕ್ಕಿದರೂ ಆಗುವುದಿಲ್ಲ. ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಕೊಡುತ್ತಾರೆ, ಅಂದರೆ ಮೂರು ಗಂಟೆಯ ಪೇಪರು ನಾಲ್ಕು ಗಂಟೆಯಾಗುತ್ತದೆ. ಅಷ್ಟು ಹೊತ್ತು ಇನ್ನೊಬ್ಬರ ಮಾತನ್ನು ಒಂದಕ್ಷರ ಹೆಚ್ಚು ಕಡಿಮೆ ಮಾಡದೆ ಬರೆಯಬೇಕು. ತನಗೆ ಸರಿಯುತ್ತರ ಗೊತ್ತಿದ್ದರೂ ಬಾಯಿ ಬಿಡುವ ಹಾಗಿಲ್ಲ. ಅವರು ತಪ್ಪು ಹೇಳಿದರೆ ಆ ತಪ್ಪನ್ನೇ ಬರೆಯಬೇಕು. ಬರೆದುಕೊಡುವವರು ಕೊನೇ ಗಳಿಗೆಯಲ್ಲಿ ಬಾರದೇ ಹೋದರೆ ಆ ವಿದ್ಯಾರ್ಥಿಯ ಇಡೀ ವರ್ಷ ಕೈತಪ್ಪುವ ಭಯ.

ಇಂಥ ಕಡೆ ನಿಮ್ಮ ಹುಡುಗಿ ಒಂದು ನೋಟ್‌ಬುಕ್ ಇಟ್ಟಳು. ಯಾರು ಯಾವ ತರಗತಿ, ಯಾವ ದಿನ ಬಿಡುವು, ಯಾರ ಕೈಬರಹ ಚೆನ್ನಾಗಿದೆ, ಯಾರಿಗೆ ಕನ್ನಡ ವೇಗವಾಗಿ ಬರೆಯಲು ಬರುತ್ತದೆ. ಒಬ್ಬರು ಬಾರದಿದ್ದರೆ ಯಾರನ್ನು ಕಳಿಸಬೇಕು ಅನ್ನುವುದು ಮೊದಲೇ ಗೊತ್ತಿರುತ್ತಿತ್ತು. ಮೊದಲು ತಾನು ಬರೆದಳು, ಆಮೇಲೆ ಪಿಯುಸಿ ಮಕ್ಕಳನ್ನೂ ತನ್ನ ಜೂನಿಯರ್‌ಗಳನ್ನೂ ಕೂಡಿಸಿದಳು, ಪಠ್ಯಗಳನ್ನು ಓದಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಸಿದಳು. ಈಗ ಹೊರಡುವ ಹೊತ್ತಿಗೆ ನೋಟ್‌ಬುಕ್ಕನ್ನು ಎರಡನೇ ವರ್ಷದ ಇಬ್ಬರ ಕೈಗೆ ಒಪ್ಪಿಸಿದ್ದಾಳೆ ಅಂದೆ. ನಾಯಕತ್ವ ಅಂತ ಕರೆಯುವುದಾದರೆ ನಾನು ಇದನ್ನೇ ಕರೆಯುತ್ತೇನೆ. ಮೈಕು ಹಿಡಿದು ಮಾತಾಡುವುದು ಒಂದು ಒಳ್ಳೆಯ ಗುಣ, ಒಪ್ಪುತ್ತೇನೆ. ಆದರೆ ತಾನು ಇಲ್ಲದಿದ್ದರೂ ಕೆಲಸ ನಡೆಯುವ ಹಾಗೆ ಮಾಡಿ ಹೋಗುವವರು ತುಂಬಾ ಅಪರೂಪ.

ನಮ್ಮ ರಾಜ್ಯದ ಕಾಲೇಜುಗಳಲ್ಲಿ ನೇರ ವಿದ್ಯಾರ್ಥಿ ಚುನಾವಣೆ ನಿಂತು ಬಹಳ ಕಾಲವಾಯಿತು. ಹಾಗಾಗಿ ವಿದ್ಯಾರ್ಥಿ ನಾಯಕ ಅಂದರೆ ಎಷ್ಟೋ ಕಡೆ ಮೇಷ್ಟ್ರು ಹೆಸರಿಸಿದವರು, ಇಲ್ಲವೇ ತರಗತಿಯ ಪ್ರತಿನಿಧಿಗಳು. ಬರೀ ಆ ಹುದ್ದೆ ನೋಡಿ ಪ್ರಶಸ್ತಿ ಕೊಡಬೇಡಿ. ರಕ್ತದಾನದ ಪಟ್ಟಿ ನೋಡಿಕೊಳ್ಳುವ, ನೀನು ಹೇಳಿದ ಆ ಬಿಎಸ್ಸಿ ಹುಡುಗನಿಗೆ ಯಾವ ಹುದ್ದೆ ಇತ್ತು ಹೇಳು? ವರ್ಷಕ್ಕೊಮ್ಮೆ ಶಿಬಿರ ಮಾಡಿ ಒಂದೇ ದಿನ ಎಲ್ಲರಿಂದ ರಕ್ತ ಕೊಡಿಸಿದರೆ ಸಾಲದು ಅನ್ನುವುದನ್ನು ಅವನು ಅರ್ಥ ಮಾಡಿಕೊಂಡಿದ್ದ. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು. ರಕ್ತದಿಂದ ಬೇರ್ಪಡಿಸಿದ ಪ್ಲೇಟ್ಲೆಟ್ ಕಣಗಳಾದರೆ ಐದು ದಿನಕ್ಕಿಂತ ಜಾಸ್ತಿ ಇಡಲಾಗುವುದಿಲ್ಲ. ಡೆಂಗಿ ಬರುವ ತಿಂಗಳಲ್ಲಿ ಯಾರು ಕೊಡಲು ಸಿದ್ಧ ಅನ್ನುವ ಪಟ್ಟಿ ಬೇಕು. ಅವನು ಆ ಪಟ್ಟಿ ಇಟ್ಟ. ಇವರು ಮೂವರೂ ಒಂದೇ ಬ್ಯಾಚಿನಲ್ಲಿ ಹೊರಡುತ್ತಿದ್ದಾರೆ ಅಂದರೆ ನೀನು ಎಂಥ ಮೇಷ್ಟ್ರು ಅನ್ನುವುದೂ ಗೊತ್ತಾಗುತ್ತದೆ ಕಣೋ.

ಒಂದು ಮಾತು ಮಾತ್ರ ಮರೆಯಬೇಡ. ಕಾಲೇಜು ಮುಗಿಸಿ ಸಂಜೆ ಅಂಗಡಿಯಲ್ಲಿ ದುಡಿಯುವ ಮಕ್ಕಳಿದ್ದಾರೆ. ಹಾಸಿಗೆ ಹಿಡಿದ ಅಜ್ಜಿಯನ್ನು ನೋಡಿಕೊಳ್ಳುವ ಹುಡುಗಿಯರಿದ್ದಾರೆ. ರಾತ್ರಿ ಶಿಬಿರಕ್ಕೆ ಮನೆಯವರು ಕಳಿಸದ ಹುಡುಗಿಯರು ಇನ್ನೂ ಎಷ್ಟೋ ಜನ. ಇವರ ಹೆಸರು ಯಾವ ಶಿಬಿರದ ಪಟ್ಟಿಯಲ್ಲೂ ಇರುವುದಿಲ್ಲ. ಬಿಡುವು ಇದ್ದವರಿಗೆ ಮಾತ್ರ ಸೇವೆಯ ಗೌರವ ಅಂತಾದರೆ ಅದು ಅನ್ಯಾಯ. ತಮ್ಮ ಬೀದಿಯ ಮಕ್ಕಳಿಗೆ ಪಾಠ ಹೇಳಿದವರು, ಊರಿನ ಹಿರಿಯರ ಪಿಂಚಣಿ ಅರ್ಜಿ ತುಂಬಿಕೊಟ್ಟವರು ಅವರಲ್ಲಿ ಖಂಡಿತ ಇರುತ್ತಾರೆ. ಕೇಳಿದರೆ ಮಾತ್ರ ಗೊತ್ತಾಗುತ್ತದೆ.

ಕೇಳುವುದು ಹೇಗೆ ಅಂದರೆ, ಅರ್ಜಿ ಕರೆಯಬೇಡಿ. ಇಂಥ ಮಕ್ಕಳು ತಾವಾಗಿ ಅರ್ಜಿ ಹಾಕುವುದಿಲ್ಲ. ಜೂನಿಯರ್‌ಗಳನ್ನು ಕೇಳಿ, ಲೈಬ್ರರಿಯವರನ್ನು, ಕಾಲೇಜಿನ ಆಯಾ ಅಮ್ಮನನ್ನು ಕೇಳಿ. ಶಿಬಿರ ನಡೆದ ಊರಿಗೆ ಹೋಗಿ, ನಿಮಗೆ ಯಾರ ನೆನಪಿದೆ ಅಂತ ಕೇಳಿ. ಊರಿನವರಿಗೆ ಹೆಸರು ನೆನಪಿರುವ ವಿದ್ಯಾರ್ಥಿಗಿಂತ ದೊಡ್ಡ ಶಿಫಾರಸು ಬೇಕಾ? ಯೋಗ್ಯರು ಮೂವರಿದ್ದರೆ ಮೂವರಿಗೂ ಕೊಡಿ, ಹಣ ಹಂಚಿಹೋದರೂ ಪರವಾಗಿಲ್ಲ. ಮೊದಲ, ಎರಡನೇ, ಮೂರನೇ ಸ್ಥಾನ ಅಂತ ಮಾತ್ರ ಮಾಡಬೇಡಿ. ಹೂಳು ತೆಗೆದದ್ದು ದೊಡ್ಡದೋ ಪರೀಕ್ಷೆ ಬರೆದುಕೊಟ್ಟದ್ದು ದೊಡ್ಡದೋ ಅಂತ ತೂಗಲು ನಾವು ಯಾರು?

ಅಂಕ ಮಾತ್ರ ಸಾಲದು ಅಂದರೆ ಆಯ್ಕೆಯಲ್ಲಿ ಪಕ್ಷಪಾತ ನುಸುಳುತ್ತದೆ ಅಂತ ನಿಮ್ಮ ಹಿರಿಯರೊಬ್ಬರು ಹೆದರಿದ್ದಾರೆ ಅಂದೆ. ಹೆದರಿಕೆ ಸರಿಯಾದದ್ದೇ. ಆದರೆ ಬೇರೆ ಕಡೆ ಜನ ಇದನ್ನು ಬಹಳ ವರ್ಷಗಳಿಂದ ಮಾಡಿಕೊಂಡು ಬಂದಿದ್ದಾರೆ. ಆಕ್ಸ್‌ಫರ್ಡಿನ ರೋಡ್ಸ್ ವಿದ್ಯಾರ್ಥಿವೇತನ ಇದೆಯಲ್ಲ, ಧಾರವಾಡದ ಕರ್ನಾಟಕ ಕಾಲೇಜಿನಿಂದ ಹೋಗಿ ಗಿರೀಶ ಕಾರ್ನಾಡರು ಪಡೆದದ್ದು, ಅದನ್ನು ಬರೀ ಪುಸ್ತಕದ ಹುಳುಗಳಿಗೆ ಕೊಡಬೇಡಿ ಅಂತ ಅದಕ್ಕೆ ಹಣ ಬಿಟ್ಟುಹೋದ ಬ್ರಿಟಿಷ್ ವಸಾಹತುಗಾರ ಸೆಸಿಲ್ ರೋಡ್ಸ್ ಉಯಿಲಿನಲ್ಲೇ ಬರೆದಿದ್ದ. ದುರ್ಬಲರ ಬಗ್ಗೆ ಕರುಣೆ, ಮುಂದಾಳಾಗುವ ಗುಣ ಇವನ್ನೂ ನೋಡಿ ಅಂದಿದ್ದ. ಆಫ್ರಿಕಾದಲ್ಲಿ ಆ ಮನುಷ್ಯ ನಡೆಸಿದ ಆಳ್ವಿಕೆಯನ್ನು ನಾನು ಒಪ್ಪಲಾರೆ. 1977ರವರೆಗೆ ಹೆಣ್ಣುಮಕ್ಕಳಿಗೆ ಆ ವೇತನದ ಬಾಗಿಲೇ ತೆರೆದಿರಲಿಲ್ಲ ಅನ್ನುವುದೂ ನಿಜ. ಆದರೂ ಅಂಕದ ಜೊತೆ ಗುಣವನ್ನೂ ನೋಡುವ ಕ್ರಮ ಅಲ್ಲಿ ನೂರು ವರ್ಷ ದಾಟಿ ನಡೆದಿದೆ. ಅಮೆರಿಕದ ದಕ್ಷಿಣದ ಕಾಲೇಜುಗಳಲ್ಲಿ ಸಲಿವನ್ ಪ್ರಶಸ್ತಿ ಅಂತ ಇದೆ, 1925ರಿಂದ ಕೊಡುತ್ತಿದ್ದಾರೆ. ಪದವಿ ಮುಗಿಸುವ ಮಕ್ಕಳಲ್ಲಿ ಪರರಿಗಾಗಿ ದುಡಿದವರಿಗೆ ಅದು. ಅದರಲ್ಲಿ ನನಗೆ ಬಹಳ ಹಿಡಿಸಿದ್ದು, ವಿದ್ಯಾರ್ಥಿಯಲ್ಲದ ಒಬ್ಬರಿಗೂ ಅದೇ ಗೌರವ ಕೊಡಬಹುದು ಅನ್ನುವುದು. ನೀವೂ ಹಾಗೆ ಮಾಡಬಹುದಲ್ವಾ? ಶಿಬಿರಕ್ಕೆ ವರ್ಷ ವರ್ಷವೂ ತನ್ನ ಮನೆಯ ಹಂಡೆ, ಪಾತ್ರೆ ಕೊಟ್ಟು ಅಡುಗೆಗೆ ನಿಲ್ಲುವ ಆ ಊರಿನ ಅಕ್ಕನನ್ನು ಅದೇ ವೇದಿಕೆಗೆ ಕರೆಯಿರಿ. ಎನ್ನೆಸ್ಸೆಸ್‌ನ ಧ್ಯೇಯವಾಕ್ಯ "ನನಗಲ್ಲ, ನಿನಗೆ" ಅಂತ ನಮ್ಮ ಮಕ್ಕಳು ಘೋಷಣೆ ಕೂಗುತ್ತಾರೆ. ಆ ಅಕ್ಕ ಅದನ್ನು ಮಾಡಿ ತೋರಿಸಿದ್ದಾಳೆ.

ವೇದಿಕೆಯ ಮೇಲೆ ಏನು ಓದುತ್ತೀರಿ ಅನ್ನುವುದಕ್ಕೆ ನೀನೇ ಕೂತು ಸಮಯ ಕೊಡು. "ಸಮಾಜಮುಖಿ ಚಟುವಟಿಕೆಗಳಲ್ಲಿ ಸಕ್ರಿಯವಾಗಿ ಪಾಲ್ಗೊಂಡು" ಅಂತ ಬರೆದರೆ ಅದು ಯಾರಿಗೂ ಹೊಂದುತ್ತದೆ, ಯಾರನ್ನೂ ಮುಟ್ಟುವುದಿಲ್ಲ. ಏನು ಮಾಡಿದರೋ ಅದನ್ನೇ ಹೇಳಿ. ಇಂಥ ಬೀದಿಯ ಇಷ್ಟು ಮನೆಯ ಗುಂಡಿ ಸರಿ ಮಾಡಿದ. ಇಷ್ಟು ಜನರಿಗೆ ಪರೀಕ್ಷೆ ಬರೆದುಕೊಡಿಸಿದಳು. ಮೂರು ನಾಲ್ಕು ಸಾಲು ಸಾಕು, ನಿಧಾನವಾಗಿ ಓದಿ. ಅತಿಥಿಗಳ ಭಾಷಣ ಮುಗಿದು ಜನ ಎದ್ದು ಹೋಗುವ ಹೊತ್ತಿಗೆ ಬೇಡ, ಮೊದಲೇ ಆಗಲಿ. ಮಗಳು ಪರೀಕ್ಷೆ ಟೈಮಿನಲ್ಲಿ ಮನೆಗೆ ತಡವಾಗಿ ಬರುತ್ತಿದ್ದದ್ದು ಯಾಕೆ ಅಂತ ಅಪ್ಪ ಅಮ್ಮನಿಗೆ ಅಲ್ಲಿ ಎಲ್ಲರ ಎದುರು ಗೊತ್ತಾಗಲಿ. ಅವರನ್ನು ಮುಂದಿನ ಸಾಲಿನಲ್ಲೇ ಕೂರಿಸು. ದೂರದಿಂದ ಬರುವವರಿದ್ದರೆ ಬಸ್ ಚಾರ್ಜ್ ದತ್ತಿ ಹಣದಿಂದಲೇ ಕೊಡಬಹುದಾ ಅಂತ ಪ್ರಿನ್ಸಿಪಾಲರನ್ನು ಕೇಳು. ಆಗದಿದ್ದರೆ ಅದು ನನ್ನ ಲೆಕ್ಕಕ್ಕಿರಲಿ.

ಓದುವ ಸಾಲುಗಳು ಸಿದ್ಧವಾದ ಮೇಲೆ ನನಗೊಮ್ಮೆ ಕಳಿಸು, ನೋಡಿ ತಿರುಗಿ ಕಳಿಸುತ್ತೇನೆ. ಸಮಾರಂಭದ ದಿನ ಗೊತ್ತಾದ ತಕ್ಷಣ ತಿಳಿಸು, ರಜೆ ಹಾಕಬೇಕು. ಆ ಮೂವರನ್ನೂ ನನಗೆ ಪರಿಚಯ ಮಾಡಿಸು. ಅತ್ತಿಗೆಗೆ ನನ್ನ ನಮಸ್ಕಾರ ಹೇಳು, ಮಕ್ಕಳಿಗೆ ಪ್ರೀತಿ.

ನಿನ್ನ
ಗೆಳೆಯ